ಗೋಳಗುಮ್ಮಟದಲ್ಲಿ ರಾಷ್ಟ್ರೀಯ ಐಕ್ಯತೆ

ದೇಶವನ್ನು ಒಂದುಗೂಡಿಸುವ ಕೆಲಸವನ್ನು ನನಗೆ ಯಾರೂ ವಹಿಸಿರಲಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮುಂದೆ ನಡೆದದ್ದಕ್ಕೆ ಸರಕಾರವನ್ನಾಗಲಿ, ಶಿಕ್ಷಣ ಇಲಾಖೆಯನ್ನಾಗಲಿ ಯಾರೂ ದೂರಬಾರದು. ದೂರುವುದಾದರೆ ನಮ್ಮ ಮನೆಯ ರೇಡಿಯೋವನ್ನು ದೂರಬೇಕು. ಆ ವರ್ಷದ ಲೋಕಸಭೆ ಚುನಾವಣೆಯ ಫಲಿತಾಂಶ ಬಂದು ವಾರವಾಗಿತ್ತು. ನಾನು ಬೆಳಿಗ್ಗೆ ಕನ್ನಡಿಯ ಮುಂದೆ ಕೂತು ಅರ್ಧ ಗಡ್ಡ ಬೋಳಿಸಿಕೊಂಡಿದ್ದೆ. ಗೆದ್ದವರಲ್ಲಿ ಒಬ್ಬರು ರೇಡಿಯೋದಲ್ಲಿ, ಆಗಿದ್ದನ್ನೆಲ್ಲ ಮರೆತು ನಾವೆಲ್ಲರೂ ಒಂದಾಗಬೇಕು, ಅದು ಪ್ರತಿಯೊಂದು ಮನೆಯಿಂದ ಶುರುವಾಗಬೇಕು ಎಂದು ಹೇಳುತ್ತಿದ್ದರು. ಗೆದ್ದವರಿಗೆ ಐಕ್ಯತೆ ನೆನಪಾಗುತ್ತದೆ, ಸೋತವರಿಗೆ ಪ್ರಜಾಪ್ರಭುತ್ವ ನೆನಪಾಗುತ್ತದೆ. ಇದು ಬುದ್ಧಿವಂತರಿಗೆಲ್ಲ ಗೊತ್ತು. ನಾನು ಮಾತ್ರ ಸಾಬೂನು ಹಚ್ಚಿಕೊಂಡ ಅರ್ಧ ಮುಖವನ್ನು ಕನ್ನಡಿಯಲ್ಲಿ ನೋಡುತ್ತ, ಪ್ರತಿಯೊಂದು ಮನೆ ಎಂದರೆ ನಮ್ಮ ಮನೆಯೂ ಆಯಿತಲ್ಲ ಎಂದುಕೊಂಡೆ.

ನಮ್ಮ ಮನೆ ಇದ್ದದ್ದು ಬನಹಟ್ಟಿಯಲ್ಲಿ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಅಣ್ಣ ಗುರಪ್ಪನದು ಪೇಟೆಯಲ್ಲಿ ಸೀರೆಯ ಅಂಗಡಿ. ನಮ್ಮಿಬ್ಬರ ನಡುವೆ ಹುಟ್ಟಿದವಳು ನೀಲಕ್ಕ. ಅವಳನ್ನು ಮುಧೋಳಕ್ಕೆ ಕೊಟ್ಟಿತ್ತು. ಅವಳ ಗಂಡ ಶಿವಪುತ್ರ ಮಾವ ಕಬ್ಬು ಬೆಳೆಯುವವರು, ಸ್ವಂತ ಗಾಣ ಇದ್ದವರು, ಸ್ವಂತ ಅಭಿಪ್ರಾಯ ಅದಕ್ಕಿಂತ ಹೆಚ್ಚಾಗಿ ಇದ್ದವರು. ಚುನಾವಣೆಯಲ್ಲಿ ಅಣ್ಣ ಒಂದು ಪಕ್ಷ, ಮಾವ ಇನ್ನೊಂದು ಪಕ್ಷ. ಆ ಪಕ್ಷಗಳ ಹೆಸರನ್ನು ನಾನು ಹೇಳುವುದಿಲ್ಲ. ಹೆದರಿಕೆಯಿಂದಲ್ಲ. ಅವುಗಳಲ್ಲಿ ಒಂದು ಆಮೇಲೆ ಮೂರು ಹೋಳಾಯಿತು, ಇನ್ನೊಂದು ಹೆಸರು ಬದಲಿಸಿತು. ಹೋಳುಗಳು ಒಂದಕ್ಕೊಂದು ಕೂಡಿ, ಮತ್ತೆ ಮುರಿದು, ಈಗ ಯಾವುದು ಯಾವುದರ ಮೊಮ್ಮಗು ಎಂದು ಹೇಳುವುದು ಸ್ವತಃ ಅವುಗಳ ಅಧ್ಯಕ್ಷರಿಗೂ ಕಷ್ಟ. ಆದರೆ ಆಗ ನಮ್ಮ ಅಣ್ಣ ಮತ್ತು ಮಾವ ಅವು ಸೂರ್ಯಚಂದ್ರ ಇರುವವರೆಗೆ ಇರುತ್ತವೆ ಎಂದು ನಂಬಿದ್ದರು.

ಎಣಿಕೆಯ ದಿನ ಮಾವನ ಪಕ್ಷ ಗೆದ್ದಿತು. ಜಮಖಂಡಿಯಿಂದ ಹೊರಟ ಮೆರವಣಿಗೆ ಸಂಜೆ ಬನಹಟ್ಟಿಯ ಪೇಟೆಗೆ ಬಂತು. ಮುಂದಿನ ಟ್ರ್ಯಾಕ್ಟರಿನ ಮೇಲೆ ನಮ್ಮ ಮಾವ ನಿಂತಿದ್ದರು. ಕೊರಳಲ್ಲಿ ಹಾರ, ಕೈಯಲ್ಲಿ ಗುಲಾಲಿನ ಚೀಲ. ಅಣ್ಣನ ಅಂಗಡಿ ಬಂದಾಗ ಅವರಿಗೆ ಸಂಬಂಧದ ನೆನಪಾಯಿತೋ, ಪಕ್ಷದ ನೆನಪಾಯಿತೋ ಗೊತ್ತಿಲ್ಲ, ಎರಡು ಕೈ ತುಂಬ ಗುಲಾಲು ತೆಗೆದು ಅಂಗಡಿಯತ್ತ ತೂರಿದರು. ಆ ದಿನವೇ ಮಗ್ಗದಿಂದ ಬಂದಿದ್ದ ಬಿಳಿಯ ಸೀರೆಗಳನ್ನು ಅಣ್ಣ ಕಟ್ಟೆಯ ಮೇಲೆ ಒಟ್ಟಿದ್ದ. ಗಾಳಿಯೂ ಗೆದ್ದ ಪಕ್ಷದ ಕಡೆಗೇ ಇತ್ತು. ಕ್ಷಣದಲ್ಲಿ ಬಿಳಿ ಸೀರೆಗಳೆಲ್ಲ ಗುಲಾಬಿಯಾದವು. ಅಣ್ಣ ಹೊರಗೆ ಬಂದು, ಟ್ರ್ಯಾಕ್ಟರಿನ ಸದ್ದನ್ನು ಮೀರಿ, "ಇವತ್ತಿನಿಂದ ನನ್ನ ಮನಿ ಹೊಸ್ತಿಲಾ ತುಳಿಬ್ಯಾಡ" ಎಂದ. ಮಾವ ಮೇಲಿನಿಂದಲೇ, "ನಾನೂ ತುಳಿಯಂಗಿಲ್ಲ, ನಿನ್ನ ತಂಗೀನೂ ತುಳಿಯಂಗಿಲ್ಲ" ಎಂದರು. ಟ್ರ್ಯಾಕ್ಟರು ಮುಂದೆ ಹೋಯಿತು.

ಇಬ್ಬರೂ ಮಾತಿಗೆ ತಪ್ಪದವರು. ರಾಜಕಾರಣಿಗಳಾಗಿದ್ದರೆ ಮರುದಿನ ಮರೆಯುತ್ತಿದ್ದರು; ಬರೀ ಕಾರ್ಯಕರ್ತರಾದದ್ದರಿಂದ ನೆನಪಿಟ್ಟುಕೊಂಡರು. ನೀಲಕ್ಕ ಯುಗಾದಿಗೆ ಬರಲಿಲ್ಲ, ಬಸವ ಜಯಂತಿಗೆ ಬರಲಿಲ್ಲ. ಪಂಚಮಿಗೂ ಕಳಿಸುವುದಿಲ್ಲ ಎಂದು ಮಾವ ಹೇಳಿದ್ದಾರೆಂಬ ಸುದ್ದಿ ಬಂತು. ನಮ್ಮ ಕಡೆ ಪಂಚಮಿಗೆ ಮಗಳು ತವರಿಗೆ ಬರದಿದ್ದರೆ ಅದು ಸಣ್ಣ ಮಾತಲ್ಲ. ನಮ್ಮ ಅವ್ವ ಮುಧೋಳದ ಬಸ್ಸು ಬರುವ ಹೊತ್ತಿಗೆ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಯಾಕೆ ನಿಂತಿ ಎಂದರೆ, "ಬಿಸಲ ಎಷ್ಟೈತಿ ನೋಡಾಕ ಬಂದಿದ್ನಿ" ಎನ್ನುತ್ತಿದ್ದಳು. ಬಿಸಿಲು ಪ್ರತಿದಿನವೂ ಅಷ್ಟೇ ಇರುತ್ತಿತ್ತು. ಆಕೆ ಪ್ರತಿದಿನವೂ ನೋಡುತ್ತಿದ್ದಳು.

ಆಗ ನನಗೆ ಹೊಳೆದದ್ದೇ ಪ್ರವಾಸ. ಬೇರೆ ಬೇರೆ ಕಡೆಯವರನ್ನು ಒಂದು ವಾಹನದಲ್ಲಿ ಕೂರಿಸಿ ಒಂದೇ ಹಳೆಯ ಕಟ್ಟಡವನ್ನು ತೋರಿಸಿದರೆ ತಾವೆಲ್ಲ ಒಂದೇ ದೇಶದವರು ಎಂದು ಅವರಿಗೆ ಅನ್ನಿಸುತ್ತದೆ ಎಂಬುದು ನನ್ನ ನಂಬಿಕೆಯಾಗಿತ್ತು. ಪಠ್ಯಪುಸ್ತಕ ಬರೆಯುವವರದೂ ಅದೇ ನಂಬಿಕೆ. ಶಾಲೆಗೆ ಬೇಸಿಗೆಯ ರಜೆ ಇತ್ತು. ಅತ್ತಿಗೆ ಮಕ್ಕಳನ್ನೆಲ್ಲ ಕಟ್ಟಿಕೊಂಡು ತವರಿಗೆ ಹೋಗಿದ್ದರು. ನಾನು ಅಣ್ಣನ ಹತ್ತಿರ ಹೋಗಿ, ಅವ್ವ ಸಾಯುವ ಮುಂಚೆ ಒಮ್ಮೆ ವಿಜಾಪುರದ ಗೋಳಗುಮ್ಮಟ ನೋಡಬೇಕು ಅನ್ನುತ್ತಾಳೆ, ನೀನಿಲ್ಲದೆ ಬರುವುದಿಲ್ಲವಂತೆ ಎಂದೆ. ಮುಧೋಳಕ್ಕೆ ಹೋಗಿ ಮಾವನಿಗೆ, ಅವ್ವ ಗೋಳಗುಮ್ಮಟ ನೋಡುತ್ತಾಳಂತೆ, ಅಕ್ಕನನ್ನೂ ನಿಮ್ಮನ್ನೂ ನೆನೆಯುತ್ತಾಳೆ, ಅಣ್ಣನಿಗೆ ಅಂಗಡಿ ಬಿಟ್ಟು ಬರಲು ಆಗುವುದಿಲ್ಲ ಎಂದೆ. ಅವ್ವನಿಗೆ, ಅಣ್ಣ, ಮಾವ ಇಬ್ಬರೂ ಕೂಡಿ ನಿನ್ನನ್ನು ಗೋಳಗುಮ್ಮಟಕ್ಕೆ ಕರೆದುಕೊಂಡು ಹೋಗುತ್ತಾರಂತೆ ಎಂದೆ. ಅವ್ವ ನನ್ನ ಮುಖವನ್ನೇ ನೋಡಿ, "ಅದರಾಗ ದೇವರು ಅದಾನೇನು?" ಎಂದಳು. ಇಲ್ಲ, ಸುಲ್ತಾನರ ಗೋರಿ ಇದೆ ಎಂದೆ. "ಆತು, ಅವನ್ನ ನೋಡಿದರಾತು" ಎಂದಳು.

ನನ್ನ ಹೆಂಡತಿ ಶಾಂತಾಗೆ ಮಾತ್ರ ಈ ಯೋಜನೆಯಲ್ಲಿ ವಿಶ್ವಾಸ ಹುಟ್ಟಲಿಲ್ಲ. "ಹ್ವಾದ ವರ್ಷ ಸಾಲ್ಯಾಗ ಇಬ್ಬರು ಹುಡುಗರ ಜಗಳಾ ಬಿಡಸಾಕ ಹೋಗಿ ಚಸ್ಮಾ ಒಡಕೊಂಡು ಬಂದ್ರಿ. ಆ ಹುಡುಗರು ಎಂಟನೆ ಈಯತ್ತೆದವರು. ಇವರು ಅವರಕಿಂತ ಸಣ್ಣವರು" ಎಂದಳು. ಆದರೂ ರೊಟ್ಟಿ ಬಡಿದು, ಶೇಂಗಾ ಚಟ್ನಿ ಕುಟ್ಟಿ, ಬುತ್ತಿ ಕಟ್ಟಿದಳು.

ಮುಂಜಾನೆ ಬಾಡಿಗೆ ಜೀಪಿನಲ್ಲಿ ಹೊರಟೆವು. ಅಣ್ಣ ಡ್ರೈವರನ ಪಕ್ಕದಲ್ಲಿ, ಅವ್ವ, ಶಾಂತಾ, ನಾನು ಹಿಂದೆ. ಜಮಖಂಡಿ ಬಸ್‌ಸ್ಟ್ಯಾಂಡಿನ ಹತ್ತಿರ ಜೀಪು ನಿಲ್ಲಿಸಲು ಹೇಳಿದೆ. ಅಲ್ಲಿ ಬೇವಿನ ಗಿಡದ ಕೆಳಗೆ ಇಸ್ತ್ರಿ ಮಾಡಿದ ಬಿಳಿ ಧೋತರ ಉಟ್ಟ ಮಾವ, ಅವರ ಹಿಂದೆ ಒಂದು ಚೀಲ ಹಿಡಿದ ನೀಲಕ್ಕ ನಿಂತಿದ್ದರು. ಅಣ್ಣನ ಕುತ್ತಿಗೆ ಹಿಂದಿನಿಂದ ಕೆಂಪಾಗುವುದನ್ನು ನಾನು ನೋಡಿದೆ. ಅತ್ತ ಮಾವ ಜೀಪಿನ ಮುಂದಿನ ಸೀಟು ನೋಡಿ ಎರಡು ಹೆಜ್ಜೆ ಹಿಂದೆ ಸರಿದರು.

"ಡ್ರೈವರ, ಗಾಡಿ ತಿರುಗ್ಸು" ಎಂದ ಅಣ್ಣ.

"ನೀಲಾ, ಮುಧೋಳ ಬಸ್ಸು ಎಲ್ಲಿ ನಿಲ್ಲತೈತಿ ನೋಡು" ಎಂದರು ಮಾವ.

ಆದರೆ ಅಷ್ಟರಲ್ಲಿ ಅವ್ವ ಹಿಂದಿನಿಂದ ಇಳಿದು, ಯಾರನ್ನೂ ಕೇಳದೆ ನೀಲಕ್ಕನ ಕೈಯ ಚೀಲ ತೆಗೆದುಕೊಂಡು, ಅವಳ ರೆಟ್ಟೆ ಹಿಡಿದು ಜೀಪಿಗೆ ಹತ್ತಿಸಿ ಪಕ್ಕದಲ್ಲಿ ಕೂರಿಸಿಕೊಂಡಿದ್ದಳು. ಕೂತಮೇಲೆ ಹೊರಗೆ ನೋಡಿ, "ಅಳಿಯಂದ್ರ, ಬರತೀರೊ, ನಾವ ಹೋಗೂಣೊ?" ಎಂದಳು. ಹೆಂಡತಿಯನ್ನು ಎದುರು ಪಕ್ಷದ ಜೀಪಿನಲ್ಲಿ ಬಿಟ್ಟು ಹೋಗುವುದು ಮಾವನಿಗೆ ಸರಿ ಕಾಣಲಿಲ್ಲ. ಹತ್ತಿದರು.

ಜೀಪಿನ ಹಿಂಭಾಗದಲ್ಲಿ ಎದುರುಬದುರಾಗಿ ಎರಡು ಉದ್ದನೆಯ ಸೀಟು. ಒಂದು ಕಡೆ ಅವ್ವ ಮತ್ತು ಅಕ್ಕ, ಇನ್ನೊಂದು ಕಡೆ ಶಾಂತಾ, ನಾನು, ಬಾಗಿಲ ತುದಿಯಲ್ಲಿ ಮಾವ. ಮುಂದಿನ ಸೀಟಿನಲ್ಲಿ ಸೋತ ಪಕ್ಷ, ಕಟ್ಟಕಡೆಯ ಸೀಟಿನಲ್ಲಿ ಗೆದ್ದ ಪಕ್ಷ. ಸಂಸತ್ತಿನಲ್ಲಿ ಇದು ಎಂದೂ ಆಗದ ಮಾತು. ಕಲಾಪ ಮಾತ್ರ ಅಲ್ಲಿಯಂತೆಯೇ ನಡೆಯಿತು. ಒಬ್ಬರೊಡನೊಬ್ಬರು ಮಾತಾಡದೆ ಎಲ್ಲವನ್ನೂ ಸಭಾಪತಿಯ ಮೂಲಕ ಹೇಳುತ್ತಿದ್ದರು. ಸಭಾಪತಿ ಎಂದರೆ ಡ್ರೈವರ.

"ಡ್ರೈವರ, ಹಿಂದ ಕುಂತವರು ಬೀಡಿ ಸೇದಬಾರ್ದಂತ ಹೇಳು. ಹೊಗಿ ಮುಂದ ಬರತೈತಿ."

"ಡ್ರೈವರ, ಗಾಡಿ ಮುಂದ ಹೊಂಟೈತಿ, ಹೊಗಿ ಹಿಂದ ಹೋಗತೈತಿ ಅಂತ ಹೇಳು. ಇಷ್ಟೂ ಗೊತ್ತಿಲ್ಲದ್ದಕ್ಕ ಇವರು ಸೋತಿದ್ದು."

ಡ್ರೈವರ ಒಳ್ಳೆಯವ. ಎರಡನ್ನೂ ಚಾಚೂ ತಪ್ಪದೆ ದಾಟಿಸಿದ. ಕೃಷ್ಣಾ ಹೊಳೆಯ ಸೇತುವೆ ಬಂದಾಗ ಅವ್ವ ಜೀಪು ನಿಲ್ಲಿಸಿ ಇಳಿದು ಹೊಳೆಗೆ ಕೈ ಮುಗಿದಳು. ಇಬ್ಬರೂ ಇಳಿದು ಸೇತುವೆಯ ಬೇರೆ ಬೇರೆ ಅಂಚಿನಲ್ಲಿ ನಿಂತು ನಮಸ್ಕಾರ ಮಾಡಿದರು. ಒಬ್ಬನು ಹರಿದು ಬರುವ ನೀರಿಗೆ, ಇನ್ನೊಬ್ಬರು ಹರಿದು ಹೋಗುವ ನೀರಿಗೆ.

ಮೇ ತಿಂಗಳಲ್ಲಿ ವಿಜಾಪುರಕ್ಕೆ ಬುದ್ಧಿಯಿದ್ದವರು ಯಾರೂ ಬರುವುದಿಲ್ಲ. ಹೀಗಾಗಿ ಗೋಳಗುಮ್ಮಟದಲ್ಲಿ ನಾವೇ ನಾವು. ಅವ್ವ ಒಳಗೆ ಬಂದು, ತಲೆಯೆತ್ತಿ ಆ ಗುಮ್ಮಟವನ್ನು ಒಂದು ಸಲ ನೋಡಿ, "ಇದನ್ನ ಕಸಾ ಹೊಡಿಯೋರು ಯಾರು?" ಎಂದು ಕೇಳಿ ತಂಪು ನೆಲದ ಮೇಲೆ ಕೂತುಬಿಟ್ಟಳು. ಅಕ್ಕನೂ ಶಾಂತಾನೂ ಆಕೆಯ ಹತ್ತಿರ ಉಳಿದರು. ನಾವು ಗಂಡಸರು ಮೂವರೂ ಮೂಲೆಯ ಗೋಪುರದ ಮೆಟ್ಟಿಲು ಹತ್ತಿದೆವು. ನಾನು ಹತ್ತುತ್ತಲೇ ಶಬ್ದದ ಪಾಠ ಶುರುಮಾಡಿದೆ. ಮೇಲೆ ಗುಮ್ಮಟದೊಳಗೆ ಸುತ್ತಲೂ ಇರುವ ಮೊಗಸಾಲೆಯಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಸಾಕು, ಧ್ವನಿ ಗೋಡೆಯಗುಂಟ ಜಾರಿಕೊಂಡು ಹೋಗಿ ಎದುರಿನ ಗೋಡೆಯ ಹತ್ತಿರ ಇದ್ದವರಿಗೆ ಸ್ಪಷ್ಟವಾಗಿ ಕೇಳುತ್ತದೆ ಎಂದು ಇಬ್ಬರಿಗೂ ಬೇರೆ ಬೇರೆಯಾಗಿ, ಉದಾಹರಣೆ ಸಹಿತ ವಿವರಿಸಿದೆ. ಇದನ್ನು ದಯವಿಟ್ಟು ಗಮನಿಸಬೇಕು. ವಿವರಿಸಿದವನು ನಾನೇ.

ಮೇಲೆ ಒಬ್ಬ ಮುದಿ ಗೈಡು ಇದ್ದ. ಅವನು ಅಣ್ಣನನ್ನು ಎದುರು ಬದಿಗೆ ಕಳಿಸಿ, "ಗೋಡಿಗೆ ಕಿವಿ ಹಚ್ಚಿ ಕುಂಡ್ರಿ ಸಾಹೇಬ್ರ" ಎಂದ. ಆಮೇಲೆ ಈ ಕಡೆಯ ಗೋಡೆಯ ಹತ್ತಿರ ಕಡ್ಡಿ ಗೀರಿದ, ಕಾಗದ ಹರಿದ. ಎಲ್ಲ ಕೇಳಿಸಿತೆಂದು ಅಣ್ಣ ಅತ್ತಲಿಂದ ಕೈಯೆತ್ತಿದ. ಗೈಡು ಕೆಲಸ ಮುಗಿಯಿತೆಂದು ಇಳಿದು ಹೋದ. ಅಣ್ಣ ದಣಿದಿದ್ದ, ಅಲ್ಲೇ ಗೋಡೆಗೆ ತಲೆಯಾನಿಸಿ ಕಣ್ಣುಮುಚ್ಚಿದ. ಇತ್ತ ಮಾವನೂ ನಾನೂ ಗೋಡೆಗೆ ಒರಗಿ ಕೂತೆವು.

ಮಾವ ನನ್ನ ಕಡೆ ವಾಲಿ ಮೆಲ್ಲಗೆ, "ಮಾಸ್ತರ, ಒಂದು ಮಾತು. ನಿನ್ನ ವೋಟು ಖರೇನ ನಮಗ ಬಿತ್ತೊ ಇಲ್ಲೊ?" ಎಂದರು.

ಐಕ್ಯತೆಯ ಕೆಲಸ ಮಾಡುವವನು ಇಂಥ ಹೊತ್ತಿನಲ್ಲಿ ಏನು ಹೇಳಬೇಕು? ಮೊದಲು ಈ ಪಕ್ಷವನ್ನು ಮೆತ್ತಗೆ ಮಾಡಬೇಕು, ಆಮೇಲೆ ಆ ಪಕ್ಷವನ್ನು. ನಾನೂ ಮೆಲ್ಲಗೆ ಹೇಳಿದೆ. "ಕೇಳೂದೇನೈತ್ರಿ ಮಾಂವಾರ, ನಿಮಗ ಹಾಕೀನಿ. ಅಣ್ಣನ ಮುಂದ ಮಾತ್ರ ಅಂವಗ ಹಾಕೀನಿ ಅಂತ ಹೇಳೀನ್ರಿ. ಅಂವಂದು ಹಟದ ಸ್ವಭಾವ. ರಾಜಕೀಯ ತಿಳಿಯಂಗಿಲ್ಲ. ಸೀರಿ ಮಡಚೂದೊಂದು ಬಿಟ್ಟರ ಅಂವಗ ಏನೂ ತಿಳಿಯಂಗಿಲ್ಲ."

ಮಾವನಿಗೆ ಬಹಳ ಸಂತೋಷವಾಯಿತು. ನನ್ನ ತೊಡೆ ತಟ್ಟಿದರು. ಆಗ ಗೋಡೆ ಮಾತಾಡಿತು. ನನ್ನ ಕಿವಿಯ ಪಕ್ಕದಲ್ಲೇ, ಕಲ್ಲಿನೊಳಗಿಂದ ಬಂದ ಹಾಗೆ, ನನ್ನ ಹೆಸರು ಹಿಡಿದು ಅಣ್ಣನ ಧ್ವನಿ.

"ಲೇ ಮಲ್ಲ್ಯಾ, ಹಂಗಾದರ ಮುಧೋಳದಾಂವಗ ಮೈಯೆಲ್ಲಾ ಸೊಕ್ಕು, ತಲ್ಯಾಗ ಬರೇ ಕಬ್ಬಿನ ಸಿಪ್ಪಿ ಅಂತ ನನ್ನ ಮುಂದ ಹೇಳಿದಾಂವ ಯಾಂವಲೇ?"

ಮಾವನ ಕೈ ನನ್ನ ತೊಡೆಯ ಮೇಲೇ ನಿಂತಿತು. ಅವರು ನನ್ನನ್ನು ಬಿಟ್ಟು ಗೋಡೆಯ ಕಡೆ ತಿರುಗಿದರು. "ಗುರಪ್ಪಣ್ಣ, ಹಿಂಗ ಅಂದಾನ?" ಎಂದು ಗೋಡೆಯನ್ನು ಕೇಳಿದರು. ಎರಡು ತಿಂಗಳ ಮೇಲೆ ಅವರಿಬ್ಬರ ನಡುವೆ ನಡೆದ ಮೊದಲ ನೇರ ಮಾತು ಇದು.

"ಅಂದಾನ. ಎರಡು ಸಲಾ ಅಂದಾನ. ನಿಮ್ಮ ಮುಂದ ನನಗ ಮತ್ತೇನ ಅಂದಾನ?"

"ಭಾಳ ಅಂದಾನ ಬಿಡು. ಸಾವಕಾಶ ಹೇಳತೇನಿ."

ನಾನು ಶಬ್ದ ವಿಜ್ಞಾನದ ಪಾಠವನ್ನು ವರ್ಷಗಟ್ಟಲೆ ಹೇಳಿದವನು. ಆದರೆ ಶಬ್ದ ಹೋದ ದಾರಿಯಲ್ಲೇ ತಿರುಗಿ ಬರುತ್ತದೆ ಎಂಬುದರ ಅರ್ಥ ಆ ದಿನ ನನಗೆ ಆದಷ್ಟು ನನ್ನ ಯಾವ ವಿದ್ಯಾರ್ಥಿಗೂ ಆಗಿರಲಿಕ್ಕಿಲ್ಲ. ಎದ್ದು ಇನ್ನೊಂದು ಕಡೆ ಹೋಗೋಣವೆಂದರೆ, ಆ ಮೊಗಸಾಲೆ ದುಂಡಗಿದೆ. ಎಲ್ಲಿಗೆ ಹೋದರೂ ಇಬ್ಬರಲ್ಲಿ ಒಬ್ಬರ ಹತ್ತಿರವೇ ಹೋಗಬೇಕು. ಸುಮ್ಮನೆ ಅಂಚಿನ ಕಟಾಂಜನದ ಹತ್ತಿರ ನಿಂತು ಕೆಳಗೆ ನೋಡತೊಡಗಿದೆ. ನಾನು ಏನೋ ನೋಡುತ್ತಿದ್ದೇನೆಂದು ಅವರೂ ನೋಡಿದರು.

ಕೆಳಗೆ, ಬಾವಿಯಂಥ ಆಳದಲ್ಲಿ, ನೆಲದ ಮೇಲೆ ಅವ್ವ ಕಾಲು ಚಾಚಿ ಕೂತಿದ್ದಳು. ಅವಳ ಮುಂದೆ ಬೆನ್ನುಮಾಡಿ ನೀಲಕ್ಕ. ಅವ್ವ ಆಕೆಯ ಹೆರಳು ಬಿಚ್ಚಿ, ಬಾಚಣಿಕೆಯಿಂದ ಬಾಚುತ್ತಿದ್ದಳು. ಮನೆಯಿಂದ ಬರುವಾಗ ಸೀರೆಯ ಸೆರಗಿನ ಗಂಟಿನಲ್ಲಿ ಎಣ್ಣೆಯ ಸಣ್ಣ ಬಾಟಲಿಯನ್ನೂ ಬಾಚಣಿಕೆಯನ್ನೂ ಕಟ್ಟಿಕೊಂಡು ಬಂದಿದ್ದಳು ಎಂದು ಆಮೇಲೆ ಶಾಂತಾ ಹೇಳಿದಳು. ಜಮಖಂಡಿಯಲ್ಲಿ ಮಾವನ ಜೊತೆ ಅಕ್ಕನೂ ಹತ್ತುತ್ತಾಳೆಂದು ಆಕೆಗೆ ಯಾರೂ ಹೇಳಿರಲಿಲ್ಲ, ಆದರೂ. ಮೇಲಿನಿಂದ ಅವರ ಮುಖ ಕಾಣುತ್ತಿರಲಿಲ್ಲ. ಬಾಚುವುದು, ಗಂಟು ಸಿಕ್ಕಾಗ ನಿಲ್ಲುವುದು, ಮತ್ತೆ ಬಾಚುವುದು ಇಷ್ಟೇ ಕಾಣುತ್ತಿತ್ತು. ನಾಲ್ಕು ಮಕ್ಕಳ ತಾಯಿಯಾದ ನೀಲಕ್ಕ ಎಂಟು ವರ್ಷದ ಹುಡುಗಿಯಂತೆ ತಲೆ ತಗ್ಗಿಸಿ ಕೂತಿದ್ದಳು. ಗೋಡೆಯೊಳಗಿಂದ ಅಣ್ಣ ಮೂಗು ಸೀಟಿಕೊಂಡ ಸದ್ದು ಬಂತು. ಗೋಡೆಯದು ಅದೇ ಒಂದು ಕೆಟ್ಟ ಗುಣ, ಏನನ್ನೂ ಮುಚ್ಚಿಡುವುದಿಲ್ಲ.

ಇಳಿಯುವಾಗ ಅಣ್ಣನ ಮೊಣಕಾಲು ಹಿಡಿದುಕೊಂಡವು. ಆ ಮೆಟ್ಟಿಲುಗಳನ್ನು ಕಟ್ಟಿಸಿದವರು ಸೀರೆ ವ್ಯಾಪಾರಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿಸಿರಲಿಲ್ಲ. ನಾನು ಕೈ ಕೊಡಲು ಹೋದರೆ, "ನೀ ದೂರ ಸರಿ" ಎಂದ. ಮಾವ ಮುಂದೆ ಬಂದು ಹೆಗಲು ಕೊಟ್ಟರು. ಅಣ್ಣ ಅದರ ಮೇಲೆ ಕೈಯಿಟ್ಟ. ಇಬ್ಬರೂ ಒಂದೊಂದೇ ಮೆಟ್ಟಿಲು ಇಳಿಯುತ್ತ, ನಾನು ಯಾರ ಮುಂದೆ ಏನೇನು ಹೇಳಿದ್ದೆ ಎಂಬುದನ್ನು ಒಬ್ಬರಿಗೊಬ್ಬರು ತಾಳೆ ನೋಡಿಕೊಂಡರು. ಮೆಟ್ಟಿಲು ಮುಗಿದವು, ವಿಷಯ ಮುಗಿದಿರಲಿಲ್ಲ.

ಹೊರಗಿನ ಗಿಡದ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ಅಣ್ಣ ನನ್ನನ್ನು ಎದುರಿಗೆ ಕೂರಿಸಿಕೊಂಡು, "ಈಗ ಖರೆ ಹೇಳು. ಯಾರಿಗೆ ಹಾಕಿದಿ?" ಎಂದ.

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಮತದಾನದ ದಿನ ನನಗೆ ತುಬಚಿಯಲ್ಲಿ ಚುನಾವಣೆಯ ಡ್ಯೂಟಿ ಇತ್ತು. ಅಂಚೆಯ ಮೂಲಕ ವೋಟು ಹಾಕಲು ಕಾಗದ ಕೊಟ್ಟಿದ್ದರು. ಯಾರಿಗೆ ಹಾಕಿದರೂ ಮನೆಯಲ್ಲಿ ಒಬ್ಬರಿಗೆ ಮೋಸವಾಗುತ್ತದಲ್ಲ ಎಂದು ಯೋಚಿಸುತ್ತ ಯೋಚಿಸುತ್ತ ಅದನ್ನು ಪುಸ್ತಕದೊಳಗೆ ಇಟ್ಟು ಮರೆತಿದ್ದೆ. ಅದು ಇನ್ನೂ ಅಲ್ಲೇ ಇದೆ ಎಂದೆ.

ಮಾವ ಕೈಯಲ್ಲಿದ್ದ ರೊಟ್ಟಿಯ ತುಣುಕನ್ನು ತಾಟಿನಲ್ಲಿಟ್ಟರು. "ಗುರಪ್ಪಣ್ಣ, ಊರೂರು ತಿರಗಿದಿವಿ, ಗಂಟಲಾ ಹರಕೊಂಡ್ವಿ, ಮನ್ಯಾಗಿನ ಮಾಸ್ತರನ ವೋಟು ಇಬ್ಬರಿಗೂ ಬೀಳಲಿಲ್ಲ ನೋಡು" ಎಂದರು.

ಅಣ್ಣ ಅವ್ವನ ಕಡೆ ತಿರುಗಿದ. "ಅವ್ವಾ, ನೀನರ ನನಗ ಹಾಕಿದಿ ಹೌದಲ್ಲೊ?"

ಅವ್ವ ಅಕ್ಕನ ತಾಟಿಗೆ ಮೊಸರು ಹಾಕುತ್ತ, "ಇಬ್ಬರಿಗೂ ಶಿಕ್ಕಾ ಒತ್ತಿ ಬಂದೀನಿ" ಎಂದಳು. "ಇಬ್ಬರೂ ಬಾಗಲಿಗೆ ಬಂದು ಕೈ ಮುಗದಿದ್ರು. ಒಬ್ಬಗ ಒತ್ತಿ ಒಬ್ಬಗ ಬಿಡಾಕ ಬರತೈತೇನು?"

"ಎರಡೂ ಕಡೆ ಒತ್ತಿದರ ವೋಟು ಕೆಡತೈತ್ರಿ ಅತ್ತಿ" ಎಂದರು ಮಾವ.

"ಕೆಟ್ಟರ ಕೆಡಲಿ ಬಿಡ್ರಿ. ಅದೇನ ಹಾಲಾ?"

ಮೊದಲು ನಕ್ಕದ್ದು ಅಣ್ಣನೋ ಮಾವನೋ ಈಗ ನೆನಪಿಲ್ಲ. ನೀಲಕ್ಕ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು, ಅತ್ತಿದ್ದರಿಂದ ಕಣ್ಣು ಮಾತ್ರ ಇನ್ನೂ ಕೆಂಪಾಗಿದ್ದವು. ತಿರುಗಿ ಬರುವಾಗ ಜೀಪಿನ ಸೀಟುಗಳು ಬದಲಾದವು. ಮುಂದೆ ಡ್ರೈವರನ ಪಕ್ಕದಲ್ಲಿ ಅಣ್ಣ, ಅವನಿಗೆ ಒತ್ತಿಕೊಂಡು ಮಾವ. ಬಾಗಿಲ ತುದಿಯ ಧೂಳಿನ ಜಾಗ ನನಗೆ ಬಂತು. ಅಣ್ಣ ದಾರಿಯಲ್ಲಿ ಎಲ್ಲಿಯೂ ಗುಲಾಲಿನ ಸುದ್ದಿ ತೆಗೆಯಲಿಲ್ಲ. ಮಾವನೇ ತೆಗೆದು, ಆ ಸೀರೆಗಳು ಏನಾದವು ಎಂದು ಕೇಳಿದರು. ಗುಲಾಬಿ ಬಣ್ಣದ್ದೆಂದು ಮಾರಿದೆ, ಮಂದಿ ಅಂಥದ್ದೇ ಇನ್ನೂ ಬೇಕು ಅನ್ನುತ್ತಾರೆ ಎಂದ ಅಣ್ಣ.

ಪಂಚಮಿಗೆ ಅಕ್ಕ ಬಂದಳು. ಮಾವನೂ ಬಂದು ಎಂಟು ದಿನ ಕೂತರು. ಅದೇ ವಾರದಲ್ಲಿ ಸ್ವಾತಂತ್ರ್ಯ ದಿನಾಚರಣೆಯೂ ಬಂತು. ನಮ್ಮ ಹೆಡ್‌ಮಾಸ್ತರರು ರಾಷ್ಟ್ರೀಯ ಐಕ್ಯತೆಯ ಬಗ್ಗೆ ನಾನು ಭಾಷಣ ಮಾಡಬೇಕೆಂದರು. ನಾಲ್ಕು ಹಾಳೆ ಬರೆದುಕೊಂಡೆ. ಧ್ವಜ ಏರಿತು, ಹಾಡು ಮುಗಿಯಿತು, ನಾನು ಎದ್ದು ನಿಂತು ಹಾಳೆ ಬಿಡಿಸಿ ಮುಂದೆ ನೋಡಿದೆ. ಪಾಲಕರಿಗೆಂದು ಹಾಕಿದ ಬೆಂಚಿನ ಮೊದಲ ಸಾಲಿನಲ್ಲಿ ನಮ್ಮ ಅಣ್ಣ ಮತ್ತು ಮಾವ ಒಬ್ಬರ ಪಕ್ಕದಲ್ಲೊಬ್ಬರು ಕೂತಿದ್ದರು. ಅವರನ್ನು ಯಾರು ಕರೆದಿದ್ದರೋ ಗೊತ್ತಿಲ್ಲ. ಇಬ್ಬರೂ ಕೈಕಟ್ಟಿ, ಬಹಳ ಆಸಕ್ತಿಯಿಂದ, ನಾನು ಏನು ಹೇಳುತ್ತೇನೆಂದು ನನ್ನನ್ನೇ ನೋಡುತ್ತಿದ್ದರು. ನಾನು ಹಾಳೆ ಮಡಚಿ ಜೇಬಿಗಿಟ್ಟೆ. ಮಳೆಗಾಲದಲ್ಲಿ ಕುಡಿಯುವ ನೀರನ್ನು ಯಾಕೆ ಕಾಯಿಸಿ ಆರಿಸಬೇಕು ಎಂಬುದರ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದೆ. ಹೆಡ್‌ಮಾಸ್ತರರ ಮುಖ ಸಪ್ಪಗಾಯಿತು. ಭಾಷಣ ಮುಗಿದಾಗ ಅಣ್ಣ ಮತ್ತು ಮಾವ ಮಾತ್ರ ಬಹಳ ಹೊತ್ತು ಚಪ್ಪಾಳೆ ತಟ್ಟಿದರು, ಇಬ್ಬರೂ ಒಂದೇ ತಾಳದಲ್ಲಿ.